‘ಇನ್ನೇನೂ ಮಾಡಲಾಗದು’ ಎಂಬ ತೀರ್ಪಿನ ಬಳಿಕ

ಉಚಿತ ನೇತ್ರ ತಪಾಸಣಾ ಶಿಬಿರಗಳು ನಮ್ಮ ನಾಡಿಗೆ ಹೊಸತಲ್ಲ. ಮಸೀದಿ, ದೇವಸ್ಥಾನ, ಇಗರ್ಜಿಗಳ ಸಮಿತಿಗಳಿಂದ ಹಿಡಿದು ಯುವಕ ಮಂಡಲಗಳ ತನಕ ಎಲ್ಲರೂ ಇಂತಹ ಶಿಬಿರಗಳನ್ನು ಏರ್ಪಡಿಸುತ್ತಾರೆ. ಊರೂರಿಗೆ ತೆರಳಿ ಸಾಮೂಹಿಕ ಶಸ್ತ್ರಚಿಕಿತ್ಸಾ ಶಿಬಿರಗಳನ್ನು ನಡೆಸಿ, ಬಡವರ ಪಾಲಿಗೆ ಬೆಳಕಾಗಿ, 2005ರಲ್ಲಿ ನಮ್ಮನ್ನಗಲಿದ ಡಾ. ಎಂ.ಸಿ. ಮೋದಿಯವರ ಹೆಸರನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಈ ಪರಂಪರೆಯ ಬಗ್ಗೆ ನಮಗೆ ಹೆಮ್ಮೆಯಿರಬೇಕು. ಆದರೆ ಇಂತಹ ಶಿಬಿರಗಳಲ್ಲಿ ಯಾರೂ ಗಮನಿಸದ ಒಂದು ಸಾಲಿದೆ.

ಶಿಬಿರಕ್ಕೆ ಬಂದವರಲ್ಲಿ ಪೊರೆ ಬಂದವರನ್ನು ಶಸ್ತ್ರಚಿಕಿತ್ಸೆಗಾಗಿ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಲಾಗುತ್ತದೆ. ಕನ್ನಡಕ ಬೇಕಾದವರಿಗೆ ಕನ್ನಡಕ ನೀಡಲಾಗುತ್ತದೆ. ಇವೆರಡಕ್ಕೂ ಸೇರದ ಕೆಲವರು ಮಾತ್ರ ಉಳಿಯುತ್ತಾರೆ. ಅವರ ಕಣ್ಣಿನ ನರ ಒಣಗಿದೆ ಅಥವಾ ಅಕ್ಷಿಪಟಲ ಹಾಳಾಗಿದೆ. ವೈದ್ಯರು ಟಾರ್ಚು ಬಿಟ್ಟು ನೋಡುತ್ತಾರೆ, ಚೀಟಿಯಲ್ಲಿ ಏನನ್ನೋ ಬರೆಯುತ್ತಾರೆ, ‘ಇನ್ನೇನೂ ಮಾಡಲಾಗದು’ ಎನ್ನುತ್ತಾರೆ. ಆ ವ್ಯಕ್ತಿ ಮಗನ ಕೈ ಹಿಡಿದು ಮನೆಗೆ ಮರಳುತ್ತಾರೆ. ಶಿಬಿರದ ವರದಿಯಲ್ಲಿ ಅವರಿಗೆ ಸ್ಥಾನವಿಲ್ಲ, ಫೋಟೋದಲ್ಲೂ ಅವರಿಲ್ಲ.

ಪ್ರಶ್ನೆ ಇರುವುದು ಇಲ್ಲಿಯೇ. ‘ಇನ್ನೇನೂ ಮಾಡಲಾಗದು’ ಎಂಬುದು ನಿಜವೇ? ಶಸ್ತ್ರಚಿಕಿತ್ಸೆಯ ಮಟ್ಟಿಗೆ, ಔಷಧಿಯ ಮಟ್ಟಿಗೆ ಅದು ನಿಜವಿರಬಹುದು. ಆದರೆ ಬದುಕಿನ ಮಟ್ಟಿಗೆ ಅದು ಹಸಿ ಸುಳ್ಳು. ಹೋದ ದೃಷ್ಟಿಯನ್ನು ಮರಳಿ ತರಲಾಗದಿದ್ದರೂ ಉಳಿದ ದೃಷ್ಟಿಯನ್ನು ಬಳಸಿಕೊಂಡು ಓದುವ, ಅಡುಗೆ ಮಾಡುವ, ದುಡಿಯುವ, ಒಬ್ಬರೇ ಓಡಾಡುವ ದಾರಿಗಳಿವೆ. ದೃಷ್ಟಿ ಪುನರ್ವಸತಿ ಎಂದು ಕರೆಯುವುದು ಇದನ್ನೇ. ಇದೊಂದು ಬೆಳೆದು ನಿಂತ ವೈದ್ಯಕೀಯ ವಿಭಾಗ. ನಮ್ಮ ದುರಂತವೇನೆಂದರೆ, ಇದರ ಅಗತ್ಯವಿರುವವರಲ್ಲಿ ಹೆಚ್ಚಿನವರಿಗೆ ಇಂಥದ್ದೊಂದು ಇದೆ ಎಂಬ ಸುದ್ದಿಯೇ ತಲುಪಿಲ್ಲ.

ಕುರುಡು ಮತ್ತು ಕಣ್ಣು ಕಾಣುವುದು ಎಂಬ ಎರಡೇ ಮನೆಗಳನ್ನು ನಾವು ಕಟ್ಟಿಕೊಂಡಿದ್ದೇವೆ. ಇವೆರಡರ ನಡುವೆ ಲಕ್ಷಾಂತರ ಮಂದಿ ಬದುಕುತ್ತಿದ್ದಾರೆ. ಅವರನ್ನು ಮಂದದೃಷ್ಟಿಯವರು ಎನ್ನಲಾಗುತ್ತದೆ. ಸಾಮಾನ್ಯ ಕಣ್ಣು 18 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು, ಸರಿಯಾದ ಕನ್ನಡಕ ಧರಿಸಿಯೂ 6 ಮೀಟರ್ ಹತ್ತಿರ ಬಂದರಷ್ಟೇ ಓದಬಲ್ಲವರು ಅಥವಾ ಅದಕ್ಕೂ ಕಡಿಮೆ ಕಾಣುವವರು ಈ ಗುಂಪಿಗೆ ಸೇರುತ್ತಾರೆ. ಗ್ಲುಕೋಮಾ ಬಂದವರಿಗೆ ಅಂಚಿನ ನೋಟ ಕುಗ್ಗುತ್ತಾ ಹೋಗುತ್ತದೆ. ವಯಸ್ಸಾದವರ ಅಕ್ಷಿಪಟಲದ ನಡುಭಾಗ ಸವೆದಾಗ ಎದುರಿಗಿರುವ ಮುಖವೇ ಅಳಿಸಿ ಹೋಗಿ ಸುತ್ತಲಿನದ್ದು ಮಾತ್ರ ಉಳಿಯುತ್ತದೆ. ಸಕ್ಕರೆ ಕಾಯಿಲೆಯು ನೋಟದಲ್ಲಿ ಅಲ್ಲಲ್ಲಿ ಕಲೆಗಳನ್ನು ಬಿಡುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ವಂಶಪಾರಂಪರ್ಯ ರೋಗವು ಇರುಳುಗುರುಡಿನಿಂದ ಆರಂಭವಾಗಿ, ಕೊನೆಗೆ ಕೊಳವೆಯೊಳಗಿಂದ ನೋಡಿದಷ್ಟೇ ಜಗತ್ತನ್ನು ಉಳಿಸುತ್ತದೆ.

ಇವರನ್ನು ಕಾಡುವ ದೊಡ್ಡ ಹಿಂಸೆ ಸಂಶಯ. ಮೊಬೈಲನ್ನು ಮೂಗಿನ ಬಳಿ ಹಿಡಿದು ಓದಬಲ್ಲವನಿಗೆ ಎದುರಿಗೆ ಬಂದು ನಿಂತ ಬಸ್ಸಿನ ಫಲಕ ಕಾಣಿಸುವುದಿಲ್ಲ. ಹಗಲು ಆರಾಮವಾಗಿ ನಡೆಯುವಾತ ಸಂಜೆಯಾಗುತ್ತಲೇ ಗೋಡೆ ಹಿಡಿಯುತ್ತಾನೆ. ನೆಲದ ಮೇಲೆ ಬಿದ್ದ ಸೂಜಿಯನ್ನು ಹೆಕ್ಕುವವನು ಪಕ್ಕದಲ್ಲಿದ್ದ ಬಕೆಟ್ಟಿಗೆ ಎಡವುತ್ತಾನೆ. ‘ಇವನು ನಾಟಕವಾಡುತ್ತಿದ್ದಾನೆ’ ಎಂದು ಬಸ್ಸಿನಲ್ಲಿದ್ದವರು ಗೊಣಗುತ್ತಾರೆ. ‘ಸೊಕ್ಕು, ಎದುರಿಗೆ ಸಿಕ್ಕರೂ ಮಾತಾಡಿಸುವುದಿಲ್ಲ’ ಎಂದು ನೆಂಟರು ದೂರುತ್ತಾರೆ. ಪೂರ್ತಿ ಕಾಣದವರಿಗೆ ಸಿಗುವ ಅನುಕಂಪವೂ ಇವರಿಗಿಲ್ಲ, ಕಾಣುವವರಿಗಿರುವ ಸೌಕರ್ಯವೂ ಇವರಿಗಿಲ್ಲ.

ಹಾಗಾದರೆ ಪುನರ್ವಸತಿ ಎಂದರೆ ನಿಜವಾಗಿ ಏನು? ಅದು ಒಂದು ಭೂತಗನ್ನಡಿಯನ್ನು ಕೈಗಿಟ್ಟು ಕಳುಹಿಸುವ ಕೆಲಸವಲ್ಲ. ಮೊದಲು ಆ ವ್ಯಕ್ತಿಗೆ ಏನು ಕಾಣುತ್ತದೆ, ಯಾವ ಬೆಳಕಿನಲ್ಲಿ, ಎಷ್ಟು ಹತ್ತಿರದಿಂದ, ಕಣ್ಣಿನ ಯಾವ ಭಾಗದಿಂದ ಎಂಬುದನ್ನು ಅಳೆಯಬೇಕು. ಬಳಿಕ ಆತನಿಗೆ ಏನು ಬೇಕು ಎಂದು ಕೇಳಬೇಕು. ಒಬ್ಬರಿಗೆ ಧರ್ಮಗ್ರಂಥ ಓದಬೇಕಿರುತ್ತದೆ, ಇನ್ನೊಬ್ಬರಿಗೆ ಹೊಲಿಗೆ ಯಂತ್ರದ ಸೂಜಿಗೆ ನೂಲು ಪೋಣಿಸಬೇಕಿರುತ್ತದೆ, ಮತ್ತೊಬ್ಬರಿಗೆ ಅಂಗಡಿಯಲ್ಲಿ ನೋಟು ಎಣಿಸಬೇಕಿರುತ್ತದೆ. ಅದಕ್ಕೆ ತಕ್ಕಂತೆ ಕೈಯಲ್ಲಿ ಹಿಡಿಯುವ, ಪುಟದ ಮೇಲಿಡುವ ಅಥವಾ ಕನ್ನಡಕದಲ್ಲೇ ಅಳವಡಿಸುವ ಹಿಗ್ಗಿಸುವ ಮಸೂರಗಳಿವೆ. ದೂರದ ಕಪ್ಪುಹಲಗೆ ನೋಡಲು ಒಂದೇ ಕಣ್ಣಿಗೆ ಹಿಡಿಯುವ ಪುಟ್ಟ ದೂರದರ್ಶಕವಿದೆ. ಬಿಸಿಲಿನ ಪ್ರಖರತೆ ತಾಳದವರಿಗೆ ಬಣ್ಣದ ಗಾಜುಗಳಿವೆ. ನಡುಭಾಗದ ನೋಟ ಕಳಕೊಂಡವರಿಗೆ, ನೋಟವನ್ನು ಕೊಂಚ ಓರೆಯಾಗಿಸಿ ಅಂಚಿನಿಂದ ಓದುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿಸಲಾಗುತ್ತದೆ. ಅಂಚಿನ ನೋಟ ಕಳಕೊಂಡವರಿಗೆ ತಲೆಯನ್ನು ಕ್ರಮಬದ್ಧವಾಗಿ ತಿರುಗಿಸಿ ಸುತ್ತಲನ್ನು ಹುಡುಕುವುದನ್ನು, ಬಿಳಿಕೋಲು ಹಿಡಿದು ನಡೆಯುವುದನ್ನು ಕಲಿಸಲಾಗುತ್ತದೆ.

ಇನ್ನು, ಹಣವೇ ಬೇಡದ ಉಪಾಯಗಳೂ ಇವೆ. ಸ್ಟೀಲಿನ ತಟ್ಟೆಯಲ್ಲಿ ಬಿಳಿ ಅನ್ನ ಮಂದದೃಷ್ಟಿಯವರಿಗೆ ಕಾಣಿಸುವುದಿಲ್ಲ. ಗಾಢ ಬಣ್ಣದ ತಟ್ಟೆಯಲ್ಲಿ ಬಡಿಸಿದರೆ ಕಾಣಿಸುತ್ತದೆ. ಚಹಾವನ್ನು ಬಿಳಿ ಲೋಟಕ್ಕೂ ಮಜ್ಜಿಗೆಯನ್ನು ಕಪ್ಪು ಲೋಟಕ್ಕೂ ಸುರಿದರೆ ಅದು ಎಲ್ಲಿಯವರೆಗೆ ತುಂಬಿತು ಎಂಬುದು ತಿಳಿಯುತ್ತದೆ. ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿದರೆ ಒಂದು ಬೀಳುವಿಕೆ ತಪ್ಪುತ್ತದೆ. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊರೆದು ಪುಟದ ಮೇಲಿಟ್ಟರೆ ಸಾಲು ತಪ್ಪದೆ ಓದಬಹುದು. ದೀಪವನ್ನು ತಲೆಯ ಮೇಲಿಂದ ತೆಗೆದು ಪುಸ್ತಕದ ಪಕ್ಕಕ್ಕೆ ತಂದರೆ ಅಕ್ಷರಗಳು ತೆರೆದುಕೊಳ್ಳುತ್ತವೆ. ಇಂದು ಸಾಮಾನ್ಯ ಸ್ಮಾರ್ಟ್‌ಫೋನು ಕೂಡ ಅಕ್ಷರವನ್ನು ಹಿಗ್ಗಿಸಿ ತೋರಿಸುತ್ತದೆ, ಕನ್ನಡವನ್ನು ಓದಿ ಹೇಳುತ್ತದೆ. ನೋಟುಗಳ ಮುಖಬೆಲೆ ತಿಳಿಸುವ ‘ಮಣಿ’ ಎಂಬ ಮೊಬೈಲ್ ತಂತ್ರಾಂಶವನ್ನು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಡುಗಡೆಗೊಳಿಸಿದೆ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ಇದೆಲ್ಲ ಇದೆ. ಆದರೆ ಹೇಳಿಕೊಡುವವರಿಲ್ಲ.

ಇತಿಹಾಸವೂ ಇಲ್ಲೊಂದು ಪಾಠ ಕಲಿಸುತ್ತದೆ. ಕಣ್ಣನ್ನು ಬಳಸಿದಷ್ಟೂ ಉಳಿದ ದೃಷ್ಟಿ ಸವೆದು ಹೋಗುತ್ತದೆಂಬ ನಂಬಿಕೆ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲೂ ಇತ್ತು. ಅಲ್ಪಸ್ವಲ್ಪ ಕಾಣುವ ಮಕ್ಕಳಿಗೆ ಓದದಂತೆ ಹೇಳಿ, ದೃಷ್ಟಿಯನ್ನು ‘ಉಳಿತಾಯ’ ಮಾಡಿಸಲಾಗುತ್ತಿತ್ತು. ಅಮೇರಿಕದ ಶಿಕ್ಷಕಿ ನಟಾಲಿ ಬರ‍್ರಾಗ 1964ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನಂಬಿಕೆಯನ್ನು ಅಲುಗಾಡಿಸಿತು. ತರಬೇತಿ ನೀಡಿದರೆ ಮಕ್ಕಳು ಉಳಿದ ದೃಷ್ಟಿಯನ್ನು ಹೆಚ್ಚು ಸಮರ್ಥವಾಗಿ ಬಳಸಬಲ್ಲರು ಎಂದು ಅವರು ತೋರಿಸಿಕೊಟ್ಟರು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳಕೊಂಡು ಮರಳಿದ ಸೈನಿಕರಿಗಾಗಿ ಶಿಕಾಗೋ ಸಮೀಪದ ಹೈನ್ಸ್ ಆಸ್ಪತ್ರೆಯಲ್ಲಿ 1948ರಲ್ಲಿ ಪುನರ್ವಸತಿ ಕೇಂದ್ರ ತೆರೆಯಲಾಯಿತು. ಅದರ ಮೊದಲ ಮುಖ್ಯಸ್ಥ ರಸ್ಸೆಲ್ ವಿಲಿಯಮ್ಸ್ ಸ್ವತಃ ಆ ಯುದ್ಧದಲ್ಲಿ ದೃಷ್ಟಿ ಕಳಕೊಂಡವರು. ಅಂದರೆ, ಈ ಸೇವೆ ಆರಂಭವಾದದ್ದು ಭಿಕ್ಷೆಯಾಗಿ ಅಲ್ಲ, ತೀರಿಸಬೇಕಾದ ಋಣವಾಗಿ. ಸೈನಿಕನಿಗೆ ಸಲ್ಲುವುದು ಹೊಲದಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ, ಗಾರೆ ಕೆಲಸದಲ್ಲಿ ಬದುಕು ಸವೆಸಿದವನಿಗೆ ಯಾಕೆ ಸಲ್ಲಬಾರದು?

ನಮ್ಮಲ್ಲಿ ಮಾತ್ರ ಹಳೆಯ ನಂಬಿಕೆ ಇನ್ನೂ ಸತ್ತಿಲ್ಲ. ‘ಪುಸ್ತಕ ಅಷ್ಟು ಹತ್ತಿರ ಹಿಡಿಯಬೇಡ, ಇದ್ದ ಕಣ್ಣೂ ಹೋದೀತು’ ಎಂದು ಹೆತ್ತವರು ಗದರಿಸುತ್ತಾರೆ. ಮಂದದೃಷ್ಟಿಯ ಮಗುವಿಗೆ ಹತ್ತಿರ ಹಿಡಿಯುವುದೇ ಹಿಗ್ಗಿಸುವ ವಿಧಾನ, ಅದರಿಂದ ಕಣ್ಣಿಗೆ ಯಾವ ಕೇಡೂ ಇಲ್ಲ. ಶಾಲೆಯಲ್ಲಿ ಆ ಮಗು ದಡ್ಡ ಎನಿಸಿಕೊಂಡು ಹಿಂದಿನ ಬೆಂಚು ಸೇರುತ್ತದೆ. ಇಲ್ಲವೇ ಅಂಧರ ಶಾಲೆಗೆ ಸೇರಿ, ಕಣ್ಣಿನಿಂದ ಓದಬಹುದಾದದ್ದನ್ನೂ ಬೆರಳಿನಿಂದಲೇ ಓದುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮವು ಪಂಡಿತ ಪಂಚಾಕ್ಷರಿ ಗವಾಯಿಗಳು ಹಾಗೂ ಪುಟ್ಟರಾಜ ಗವಾಯಿಗಳ ಮೂಲಕ ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿದ್ದು ಈ ನಾಡಿನ ಉಜ್ವಲ ಅಧ್ಯಾಯ. ಆದರೆ ದೃಷ್ಟಿದೋಷವುಳ್ಳ ಪ್ರತಿಯೊಂದು ಮಗುವೂ ಸಂಗೀತಗಾರನಾಗಬೇಕಿಲ್ಲ. ಅದು ಗುಮಾಸ್ತನಾಗಬಹುದು, ಶಿಕ್ಷಕಿಯಾಗಬಹುದು, ವಕೀಲನಾಗಬಹುದು. ದೃಷ್ಟಿದೋಷವುಳ್ಳವರನ್ನು ನ್ಯಾಯಾಧೀಶರ ಹುದ್ದೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಮ್ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪಿತ್ತಿದೆ. ನ್ಯಾಯಪೀಠದ ತನಕ ಬಾಗಿಲು ತೆರೆದಿರುವಾಗ ಒಂದನೇ ತರಗತಿಯಲ್ಲೇ ಮಗುವಿಗೆ ಬಾಗಿಲು ಮುಚ್ಚುವುದು ಯಾವ ನ್ಯಾಯ?

ವಯಸ್ಸಾದವರ ಸ್ಥಿತಿ ಇನ್ನೂ ಶೋಚನೀಯ. ದೃಷ್ಟಿ ಕುಗ್ಗಿದ ತಾಯಿಯ ಕೈಯಿಂದ ಮೊದಲು ಚಾಕು ಕಿತ್ತುಕೊಳ್ಳಲಾಗುತ್ತದೆ, ಬಳಿಕ ಒಲೆಯಿಂದ ದೂರವಿಡಲಾಗುತ್ತದೆ, ಕೊನೆಗೆ ಒಂದು ಮಂಚ ಮಾತ್ರ ಉಳಿಯುತ್ತದೆ. ಇದನ್ನು ಮಾಡುವವರು ಕ್ರೂರಿಗಳಲ್ಲ, ಪ್ರೀತಿಯಿಂದಲೇ ಮಾಡುತ್ತಾರೆ. ‘ಉಮ್ಮಾ, ನೀವು ಸುಮ್ಮನೆ ಕೂತಿರಿ’ ಎನ್ನುವ ಮಾತಿನಲ್ಲಿ ಕಾಳಜಿಯಿದೆ. ಆದರೆ ಐವತ್ತು ವರ್ಷ ಒಂದು ಮನೆಯನ್ನು ನಡೆಸಿದಾಕೆಯನ್ನು ಸುಮ್ಮನೆ ಕೂರಿಸುವುದೆಂದರೆ ಜೀವಂತವಿರುವಾಗಲೇ ಮನೆಯಿಂದ ಕಳುಹಿಸಿದಂತೆ. ದೃಷ್ಟಿ ಕಳಕೊಂಡ ಹಿರಿಯರನ್ನು ಖಿನ್ನತೆ ಕಾಡುವುದು ಸಾಮಾನ್ಯ ಎಂಬುದನ್ನು ವೈದ್ಯಲೋಕ ಬಹುಕಾಲದಿಂದ ಬಲ್ಲದು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ದೃಷ್ಟಿ ತೀವ್ರವಾಗಿ ಕುಗ್ಗಿದ ಕೆಲವರಿಗೆ ಇಲ್ಲದ ದೃಶ್ಯಗಳು ಕಾಣಿಸುತ್ತವೆ. ಅಂಗಳದಲ್ಲಿ ಮಕ್ಕಳು ಆಡುತ್ತಿರುವಂತೆ, ಕೋಣೆಯಲ್ಲಿ ಅಪರಿಚಿತರು ನಿಂತಿರುವಂತೆ, ಗೋಡೆಯಲ್ಲಿ ಚಿತ್ತಾರಗಳು ಮೂಡಿದಂತೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ಎಂಬ ವಿದ್ವಾಂಸ ತನ್ನ ಅಜ್ಜನಲ್ಲಿ ಇದನ್ನು ಗಮನಿಸಿ 1760ರಲ್ಲೇ ಬರೆದಿಟ್ಟ. ಆತನ ಹೆಸರಿನಿಂದಲೇ ಈ ಸ್ಥಿತಿಯನ್ನು ಕರೆಯಲಾಗುತ್ತದೆ. ಕಣ್ಣಿನಿಂದ ಬರಬೇಕಾದ ಸಂದೇಶಗಳು ನಿಂತಾಗ ಮಿದುಳು ತಾನೇ ಚಿತ್ರಗಳನ್ನು ಕಟ್ಟುತ್ತದೆ. ಇದು ಹುಚ್ಚಲ್ಲ, ದೆವ್ವವಲ್ಲ, ಜಿನ್ನ್ ಬಾಧೆಯೂ ಅಲ್ಲ. ಆದರೆ ನಮ್ಮಲ್ಲಿ ಇಂತಹ ಮಾತನ್ನು ಬಾಯಿಬಿಟ್ಟ ವೃದ್ಧರನ್ನು ಎಲ್ಲಿಗೆ ಕರೆದೊಯ್ಯಲಾಗುತ್ತದೆ? ತಾಯಿತ ಕಟ್ಟುವವನ ಬಳಿಗೋ, ಮಂತ್ರವಾದಿಯ ಬಳಿಗೋ. ಅದನ್ನು ಅರಿತ ವೃದ್ಧರು ಬಾಯಿ ಮುಚ್ಚಿ, ತಮಗೆ ಬುದ್ಧಿಭ್ರಮಣೆಯಾಯಿತೆಂದು ಒಳಗೊಳಗೇ ಹೆದರಿ ಬದುಕುತ್ತಾರೆ. ‘ಇದು ಕಣ್ಣಿನ ತೊಂದರೆ, ನಿಮ್ಮ ಬುದ್ಧಿ ಸರಿಯಾಗಿಯೇ ಇದೆ’ ಎಂಬ ವೈದ್ಯರ ಒಂದು ಮಾತು ಆ ಭಯದ ಬಹುಭಾಗವನ್ನು ಅಳಿಸಬಲ್ಲದು.

ಮಂತ್ರವಾದಿಗಳು ಮಾತ್ರವಲ್ಲ, ಜಾಹೀರಾತುಗಳೂ ಈ ಹತಾಶೆಯನ್ನು ಲೂಟುತ್ತಿವೆ. ರೆಟಿನೈಟಿಸ್ ಪಿಗ್ಮೆಂಟೋಸಾವನ್ನು ಖಚಿತವಾಗಿ ಗುಣಪಡಿಸುತ್ತೇವೆ ಎಂಬ ಭರವಸೆಯ ಬೆನ್ನು ಹತ್ತಿ ಜಮೀನು ಮಾರಿದರೂ ದೃಷ್ಟಿ ಮರಳದು. ಅಮೇರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆಯು ನಿರ್ದಿಷ್ಟವಾದ ಒಂದೇ ಒಂದು ಜೀನ್‌ನ ದೋಷದಿಂದ ದೃಷ್ಟಿ ಕಳಕೊಂಡವರಿಗಷ್ಟೇ ಅನ್ವಯಿಸುವಂಥದ್ದು. ಅದರ ಬೆಲೆಯೋ ಸಾಮಾನ್ಯರ ಊಹೆಗೂ ನಿಲುಕದ್ದು. ಮುಂದೆ ಹೆಚ್ಚಿನ ಚಿಕಿತ್ಸೆಗಳು ಬರಲಿ ಎಂದು ಹಾರೈಸೋಣ. ಆದರೆ ಬರಲಿರುವ ಚಿಕಿತ್ಸೆಗಾಗಿ ಇಂದಿನ ಓದನ್ನು, ಇಂದಿನ ದುಡಿಮೆಯನ್ನು ನಿಲ್ಲಿಸಬೇಕೇ? ಇದೇ ಸಂದರ್ಭದಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ರಕ್ತಸಂಬಂಧದೊಳಗಿನ ವಿವಾಹ ದಕ್ಷಿಣ ಭಾರತದ ಹಲವು ಸಮುದಾಯಗಳಲ್ಲಿ ರೂಢಿಯಲ್ಲಿದೆ. ಇಂತಹ ಕೆಲವು ವಂಶಪಾರಂಪರ್ಯ ನೇತ್ರರೋಗಗಳ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. ಹಾಗಂತ ರೋಗ ಬಂದ ಮಗುವಿನ ತಾಯಿಯನ್ನು ದೂಷಿಸುವುದು ಅನ್ಯಾಯ. ಕುಟುಂಬದಲ್ಲಿ ಈ ರೋಗವಿದ್ದರೆ ಮದುವೆಯ ಮಾತುಕತೆಗೆ ಮುನ್ನ ತಜ್ಞರ ಸಲಹೆ ಪಡೆಯುವುದು ವಿವೇಕ.

ಈಗ ಸರಕಾರದ ಕಡೆಗೆ ಬರೋಣ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಭಾರತ 1976ರಲ್ಲೇ ಆರಂಭಿಸಿತು. ಇಂದು ದೇಶದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಮಿಕ್ಕಿದ ಪೊರೆ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಇಡೀ ಕಾರ್ಯಕ್ರಮದ ಅಳತೆಗೋಲು ಶಸ್ತ್ರಚಿಕಿತ್ಸೆಗಳ ಸಂಖ್ಯೆಯೇ ಆಗಿಬಿಟ್ಟಿತು. 2015ರಿಂದ 2019ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ಮೀರಿದವರ ಅಂಧತ್ವಕ್ಕೆ ನೂರರಲ್ಲಿ 66 ಪ್ರಕರಣಗಳಲ್ಲಿ ಪೊರೆಯೇ ಕಾರಣ. ಉಳಿದ ಮೂರನೇ ಒಂದು ಪಾಲು? ಅವರಲ್ಲಿ ಕೆಲವರಿಗೆ ಬೇರೆ ಚಿಕಿತ್ಸೆಗಳಿರಬಹುದು. ಅನೇಕರಿಗೆ ಉಳಿದಿರುವುದು ಪುನರ್ವಸತಿಯೊಂದೇ.

ಅಂಕಿಅಂಶಗಳ ಇನ್ನೊಂದು ಆಟವನ್ನೂ ಗಮನಿಸಬೇಕು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡಕ್ಕೆ ಹೊಂದಿಸುವ ಸಲುವಾಗಿ ಅಂಧತ್ವದ ವ್ಯಾಖ್ಯೆಯನ್ನು ಬದಲಿಸಲಾಯಿತು. ಅಲ್ಲಿಯವರೆಗೆ 6 ಮೀಟರ್ ದೂರದಿಂದ ಬೆರಳು ಎಣಿಸಲಾಗದವರು ಅಂಧರಾಗಿದ್ದರೆ, ಬಳಿಕ 3 ಮೀಟರ್ ದೂರದಿಂದ ಎಣಿಸಲಾಗದವರು ಮಾತ್ರ ಅಂಧರಾದರು. ಜಾಗತಿಕ ಹೋಲಿಕೆಗೆ ಇದು ಅನುಕೂಲವೇ ಸರಿ. ಆದರೆ ಈ ಎರಡು ಗೆರೆಗಳ ನಡುವೆ ನಿಂತವರು ಒಂದೇ ದಿನದಲ್ಲಿ ಅಂಧರ ಪಟ್ಟಿಯಿಂದ ಹೊರಬಿದ್ದರು. ಅವರ ಕಣ್ಣು ಒಂದಿಂಚೂ ಸುಧಾರಿಸಿರಲಿಲ್ಲ. ಅದೇ ವರ್ಷ ಕಾರ್ಯಕ್ರಮದ ಹೆಸರಿಗೆ ‘ದೃಷ್ಟಿದೋಷ’ ಎಂಬ ಪದವನ್ನೂ ಸೇರಿಸಲಾಯಿತು. ಹೆಸರಿಗೆ ಸೇರಿದ್ದು ಜಿಲ್ಲಾ ಆಸ್ಪತ್ರೆಯ ಕೋಣೆಗೂ ಸೇರಬೇಕಲ್ಲವೇ?

ಕಾನೂನಿನ ಕೊರತೆಯಂತೂ ನಮಗಿಲ್ಲ. ಚಿಕಿತ್ಸೆಯ ಬಳಿಕವೂ ದೃಷ್ಟಿ ಕುಂಠಿತವಾಗಿದ್ದು, ಸೂಕ್ತ ಸಾಧನದ ನೆರವಿನಿಂದ ಅದನ್ನು ಕೆಲಸಕ್ಕೆ ಬಳಸಬಲ್ಲವರು ಮಂದದೃಷ್ಟಿಯವರು ಎಂದು 1995ರ ಅಂಗವಿಕಲರ ಕಾಯ್ದೆಯೇ ಹೇಳಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಸರಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿ ಕೊಟ್ಟು, ಅದರಲ್ಲಿ ಶೇ. 1ನ್ನು ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಮೀಸಲಿಟ್ಟಿದೆ. ಅದರ 27ನೇ ಸೆಕ್ಷನ್, ಪುನರ್ವಸತಿ ಸೇವೆಗಳನ್ನು ಸರಕಾರಗಳು ಮತ್ತು ಸ್ಥಳೀಯ ಸಂಸ್ಥೆಗಳು ಕೈಗೊಳ್ಳಬೇಕು ಎನ್ನುತ್ತದೆ. ಆದರೆ ತಮ್ಮ ‘ಆರ್ಥಿಕ ಸಾಮರ್ಥ್ಯ’ದ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸುತ್ತದೆ. ನುಣುಚಿಕೊಳ್ಳಲು ಬಯಸುವ ಆಡಳಿತಕ್ಕೆ ಇಷ್ಟು ಕಿಂಡಿ ಸಾಕು. ಹಾಗಾಗಿ ವ್ಯವಸ್ಥೆಯು ಮಂದದೃಷ್ಟಿಯವನಿಗೆ ಪ್ರಮಾಣಪತ್ರ ನೀಡಿ ಕೈತೊಳೆದುಕೊಳ್ಳುತ್ತದೆ. ಶೇಕಡಾವಾರು ಬರೆದ ಆ ಕಾರ್ಡು ಎಷ್ಟು ಹೋಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಉಳಿದದ್ದರಿಂದ ಏನು ಮಾಡಬಹುದು ಎಂಬುದನ್ನಲ್ಲ.

ಇದು ಅಸಾಧ್ಯವಾದ ಕೆಲಸವೇನಲ್ಲ. 1987ರಲ್ಲಿ ಆರಂಭವಾದ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಮಧುರೈಯ ಅರವಿಂದ್, ಚೆನ್ನೈಯ ಶಂಕರ ನೇತ್ರಾಲಯದಂತಹ ಆಸ್ಪತ್ರೆಗಳು ಚಿಕಿತ್ಸೆಯ ಜೊತೆಗೇ ಪುನರ್ವಸತಿ ಸೇವೆಯನ್ನೂ ನೀಡುತ್ತಿವೆ. ಬೆಂಗಳೂರಿನಲ್ಲಿ 1990ರಿಂದ ಮಿತ್ರಜ್ಯೋತಿಯಂತಹ ಸಂಸ್ಥೆ ದೃಷ್ಟಿದೋಷವುಳ್ಳವರ ತರಬೇತಿಯಲ್ಲಿ ತೊಡಗಿಕೊಂಡಿದೆ. ಅಡ್ಡಿಯಿರುವುದು ದೂರದ್ದು. ಬೀದರಿನ ಅಥವಾ ಬೆಳ್ತಂಗಡಿಯ ಹಳ್ಳಿಯ ವೃದ್ಧರು ಮಹಾನಗರಕ್ಕೆ ಐದಾರು ಬಾರಿ ಅಲೆಯಲಾರರು. ಪುನರ್ವಸತಿಯೆಂಬುದು ಒಂದೇ ಭೇಟಿಯಲ್ಲಿ ಮುಗಿಯುವಂಥದ್ದೂ ಅಲ್ಲ.

ಆದ್ದರಿಂದ ನಮ್ಮ ಆಗ್ರಹ ಸರಳವಾದುದು. ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಮಂದದೃಷ್ಟಿಯವರಿಗಾಗಿ ಒಂದು ಕೋಣೆ, ತರಬೇತಿ ಹೊಂದಿದ ಒಬ್ಬ ಸಿಬ್ಬಂದಿ, ಒಂದು ಪೆಟ್ಟಿಗೆಯಷ್ಟು ಮಸೂರಗಳು ಇರಲಿ. ಕೈಯಲ್ಲಿ ಹಿಡಿಯುವ ಸಾದಾ ಮಸೂರಕ್ಕೆ ತಗಲುವುದು ಕೆಲವು ನೂರು ರೂಪಾಯಿ ಮಾತ್ರ. ದೃಷ್ಟಿ ಮರಳದು ಎಂದು ಹೇಳುವ ವೈದ್ಯರು ಅದೇ ಚೀಟಿಯಲ್ಲಿ ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನೂ ಬರೆಯುವುದು ಕಡ್ಡಾಯವಾಗಲಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗೌರವಧನದ ಮೇಲೆ ದುಡಿಯುವ ಇವರು ಸ್ವತಃ ವಿಕಲಚೇತನರು. ಇವರಿಗೆ ಬೆಳಕು, ಬಣ್ಣ, ಮಸೂರ, ಬಿಳಿಕೋಲಿನ ಬಗ್ಗೆ ತರಬೇತಿ ನೀಡಿದರೆ ಹಳ್ಳಿಯ ಮನೆಬಾಗಿಲಿಗೇ ಸೇವೆ ತಲುಪುತ್ತದೆ. ಅದರ ಜೊತೆಗೆ ಅವರ ಗೌರವಧನವನ್ನೂ ಗೌರವ ಎನಿಸುವಷ್ಟಕ್ಕೆ ಏರಿಸಬೇಕು.

ಸಮಾಜದ ಪಾಲೂ ಇಲ್ಲಿದೆ. ನೇತ್ರ ಶಿಬಿರ ಏರ್ಪಡಿಸುವ ಸಂಘಟನೆಗಳು ಮುಂದಿನ ಬಾರಿ ಇನ್ನೊಂದು ಮೇಜು ಹೆಚ್ಚು ಹಾಕಲಿ. ಶಸ್ತ್ರಚಿಕಿತ್ಸೆಯೂ ಇಲ್ಲ, ಕನ್ನಡಕವೂ ಇಲ್ಲ ಎನಿಸಿಕೊಂಡವರು ಆ ಮೇಜಿಗೆ ಬರಲಿ. ಅವರ ಹೆಸರು ಬರೆದುಕೊಂಡು, ಸೇವೆಯಿರುವ ಆಸ್ಪತ್ರೆಗೆ ಅವರನ್ನು ತಲುಪಿಸುವ, ಮಸೂರದ ಖರ್ಚು ಭರಿಸುವ, ಆರು ತಿಂಗಳ ಬಳಿಕ ಅವರ ಮನೆಗೆ ಹೋಗಿ ವಿಚಾರಿಸುವ ಹೊಣೆಯನ್ನು ಇಬ್ಬರು ಯುವಕರು ಹೊತ್ತರೂ ಸಾಕು. ಆರಾಧನಾಲಯಗಳ ಮೆಟ್ಟಿಲಂಚಿಗೆ ಹಳದಿ ಬಣ್ಣ ಬಳಿಯಲು, ಗ್ರಂಥಾಲಯದಲ್ಲಿ ದೊಡ್ಡ ಅಕ್ಷರದ ಪುಸ್ತಕ ಮತ್ತು ಒಂದು ಮೇಜಿನ ದೀಪ ಇಡಲು ಯಾವ ಯೋಜನೆಯ ಮಂಜೂರಾತಿಯೂ ಬೇಕಾಗಿಲ್ಲ. ಫೋಟೋ ತೆಗೆಯುವ ವೈಭವ ಇದರಲ್ಲಿಲ್ಲ ನಿಜ. ಬಟ್ಟೆ ಬಿಚ್ಚಿದೊಡನೆ ಜಗತ್ತು ಕಾಣುವ ಪವಾಡವೂ ಇಲ್ಲಿಲ್ಲ. ಬದಲು, ತಿಂಗಳುಗಳ ಅಭ್ಯಾಸದ ಬಳಿಕ ಒಬ್ಬಾಕೆ ತನ್ನ ಮಾತ್ರೆಯ ಪಟ್ಟಿಯನ್ನು ತಾನೇ ಓದಿಕೊಳ್ಳುತ್ತಾಳೆ, ಒಬ್ಬ ಹುಡುಗ ಹಿಂದಿನ ಬೆಂಚಿನಿಂದ ಎದ್ದು ಮುಂದೆ ಬರುತ್ತಾನೆ, ಅಷ್ಟೇ.

ಕಣ್ಣು ಗುಣಪಡಿಸುವುದು ವೈದ್ಯರ ಕೆಲಸ. ಅದು ಸಾಧ್ಯವಾಗದಿದ್ದಾಗ ಮನುಷ್ಯನನ್ನು ಬದುಕಿನಲ್ಲಿ ಉಳಿಸಿಕೊಳ್ಳುವುದು ಸರಕಾರದ, ಸಮಾಜದ, ಕುಟುಂಬದ ಕೆಲಸ. ವೈದ್ಯರ ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನಮ್ಮ ಕೆಲಸ ಆರಂಭವಾಗುತ್ತದೆ. ‘ಇನ್ನೇನೂ ಮಾಡಲಾಗದು’ ಎಂಬ ಮಾತನ್ನು ಇನ್ನು ಮುಂದೆ ಯಾರಾದರೂ ಕೇಳಿಸಿಕೊಂಡು ಮನೆಗೆ ಮರಳಿದರೆ, ಆ ತೀರ್ಪಿಗೆ ಸಹಿ ಹಾಕಿದವರಲ್ಲಿ ನಾವೂ ಇದ್ದೇವೆ ಎಂಬುದನ್ನು ಮರೆಯದಿರೋಣ.